ದೊರೆಸಾನಿಯ ಎಡಮಗ್ಗುಲು

ಹಡಗಿನಿಂದ
ಜನವರಿ 4

ಅತ್ತಿಗೆಗೆ ನಮಸ್ಕಾರ.

ತಂತಿ ತಲುಪಿತು. ವೈರ್‌ಲೆಸ್ಸಿನವನು ಚೀಟಿ ಹಿಡಿದುಕೊಂಡು ಎಂಜಿನ್ ಕೋಣೆಗೆ ಇಳಿದು ಬಂದಾಗ ನಾನು ಪಂಪಿನ ಕೆಳಗೆ ಮಲಗಿ ನಟ್ಟು ಬಿಗಿಯುತ್ತಿದ್ದೆ. ಅಣ್ಣನಿಗೆ ಲಕ್ವ ಹೊಡೆದಿದೆ, ಬಲಗಡೆ ಪೂರ್ತಿ ಹೋಗಿದೆ, ಮಾತಿಲ್ಲ ಅಂತ ಓದಿದ ಮೇಲೂ ಅಲ್ಲೇ ಬಿದ್ದುಕೊಂಡಿದ್ದೆ. ಎದ್ದು ಎಲ್ಲಿಗೆ ಹೋಗಲಿ? ಸುತ್ತ ನೀರು. ನಾಳೆ ಒಂದು ಬಂದರಿಗೆ ಮುಟ್ಟುತ್ತೇವೆ, ಅಲ್ಲಿ ಈ ಕಾಗದ ಅಂಚೆಗೆ ಹಾಕುತ್ತೇನೆ. ಅಷ್ಟು ಬಿಟ್ಟರೆ ನನ್ನ ಕೈಯಲ್ಲಿ ಏನೂ ಇಲ್ಲ.

ಒಂದು ಮಾತು ಮಾತ್ರ ದಯವಿಟ್ಟು ನಡೆಸಿಕೊಡಿ. ಶೆಡ್ಡಿಗೆ ಬೀಗ ಹಾಕಿ. ಯಾರನ್ನೂ ಒಳಗೆ ಬಿಡಬೇಡಿ. ನಿಮ್ಮ ಕಣ್ಣಿಗೆ ಅದು ಗುಜರಿ ಅಂಗಡಿ ಅಂತ ಗೊತ್ತು. ಅದು ಗುಜರಿಯಲ್ಲ ಅತ್ತಿಗೆ. ಅಣ್ಣ ಯಾವತ್ತೂ ಏನನ್ನೂ ಬರೆದಿಟ್ಟವನಲ್ಲ. ಕಾರಿನ ತಳದ ಚಾಸಿಯನ್ನು ಗೋಡೆಗೆ ಒರಗಿಸಿ, ಅದರಿಂದ ಬಿಚ್ಚಿದ ಒಂದೊಂದು ಸಾಮಾನನ್ನೂ ಅದು ಇದ್ದ ಜಾಗಕ್ಕೆ ಸರಿಯಾಗಿ ನೆಲದ ಮೇಲೆ ಇಟ್ಟಿದ್ದಾನೆ. ಬಾಗಿಲ ಹತ್ತಿರ ಹಿಂದಿನ ಬಂಪರು, ಆ ತುದಿಯ ಗೋಡೆಯ ಹತ್ತಿರ ರೇಡಿಯೇಟರು. ಪ್ರತಿಯೊಂದರ ಪಕ್ಕದಲ್ಲೂ ಅದರದೇ ಬೋಲ್ಟು, ಅದರದೇ ವಾಷರು. ನೀವು ದೊರೆಸಾನಿ ಅಂತ ಹೆಸರಿಟ್ಟ ಆ ಕಾರು ಇಂಗ್ಲಿಷಿನವರು ಕೈಯಲ್ಲಿ ತಟ್ಟಿ ಕೂರಿಸಿದ ಗಾಡಿ. ಎಡ ಬಾಗಿಲಿನದ್ದು ಬಲ ಬಾಗಿಲಿಗೆ ಕೂರುವುದಿಲ್ಲ. ಕೀಲುಗಳ ಹಿಂದೆ ತುರುಕುವ ತೆಳು ತಗಡಿನ ಬಿಲ್ಲೆಗಳಿವೆಯಲ್ಲ, ಯಾವ ಕೀಲಿಗೆ ಎಷ್ಟು ಅನ್ನುವುದು ಆ ನೆಲಕ್ಕೆ ಬಿಟ್ಟರೆ ಇನ್ಯಾರಿಗೂ ಗೊತ್ತಿಲ್ಲ. ಎಂಟು ವರ್ಷದ ಕೆಲಸ ಅದು. ನೆಲ ಕೆಟ್ಟರೆ ಗಾಡಿ ಹೋಯಿತು.

ಅಣ್ಣ ಎದ್ದು ಕೂತರೆ ಮೊದಲು ಹುಡುಕುವುದೇ ಅದನ್ನು. ಅವನನ್ನು ಎಬ್ಬಿಸುವಂಥದ್ದು ಬೇರೆ ಏನಿದೆ ಹೇಳಿ.

ಪೊರಕೆ ಕೂಡ ಬೇಡ.

ನಿಮ್ಮ ಮೈದುನ

*

ಮನೆಯಿಂದ
ಜನವರಿ 16

ಮೈದುನ ಮಹಾರಾಯರಿಗೆ,

ಇಲ್ಲಿ ಎಲ್ಲರೂ ಕ್ಷೇಮ ಅಂತ ಶುರು ಮಾಡೋಣ ಅಂದರೆ ಪೆನ್ನು ಮುಂದಕ್ಕೆ ಹೋಗಲಿಲ್ಲ. ಆದರೂ ಒಳ್ಳೆಯ ಸುದ್ದಿ ಇದೆ. ನಿಮ್ಮಣ್ಣ ಆಸ್ಪತ್ರೆಯಿಂದ ಮನೆಗೆ ಬಂದರು. ಗಾಲಿ ಕುರ್ಚಿಯಲ್ಲಿ ಕೂರುತ್ತಾರೆ. ಎಡಗೈ ಚೆನ್ನಾಗಿ ಆಡುತ್ತದೆ.

ಅವರು ಆಸ್ಪತ್ರೆಯಲ್ಲಿದ್ದಾಗ ನಾನೊಂದು ಕೆಲಸ ಮಾಡಿದೆ, ನಿನಗೆ ಹೇಳದೆ ಇರೋಕೆ ಆಗುತ್ತಿಲ್ಲ. ಶೆಡ್ಡು ಚೊಕ್ಕ ಮಾಡಿದೆ! ನನ್ನ ಹೊಲಿಗೆ ಅಂಗಡಿಯಲ್ಲಿ ಕಾಜಾ ಹೊಲಿಯುವವಳನ್ನು ಜೊತೆಗೆ ಕರೆದುಕೊಂಡು, ಇವರು ಮಲಗಿದ ಹೊತ್ತಿಗೆಲ್ಲ ಓಡಿ ಬಂದು, ಒಂದು ವಾರ ಕೂತು ಒಂದೊಂದನ್ನೂ ಸೀಮೆಎಣ್ಣೆಯಲ್ಲಿ ತೊಳೆದೆವು. ಕೈಯೆಲ್ಲ ಬಿರಿದುಹೋಯಿತು. ಬೋಲ್ಟು, ನಟ್ಟು, ತಗಡಿನ ಬಿಲ್ಲೆ ಎಲ್ಲವನ್ನೂ ನನ್ನ ಗುಂಡಿಗಳ ಹಾಗೆ ಅಳತೆ ನೋಡಿ ಗಾಜಿನ ಬಾಟಲಿಗಳಿಗೆ ತುಂಬಿದೆ. ದೊಡ್ಡವು ಕೆಳಗಿನ ಹಲಗೆಗೆ, ಚಿಕ್ಕವು ಮೇಲಿನದಕ್ಕೆ. ನೆಲ ತೊಳೆದರೆ ಕೆಳಗೆ ಕೆಂಪು ಸಿಮೆಂಟು ಇತ್ತು ನೋಡು, ಇಷ್ಟು ವರ್ಷ ಅದು ಕಪ್ಪು ಅಂತಲೇ ತಿಳಿದಿದ್ದೆ.

ನಿನ್ನೆ ಇವರನ್ನು ತಳ್ಳಿಕೊಂಡು ಹೋಗಿ ತೋರಿಸಿದೆ. ಎಷ್ಟೋ ಹೊತ್ತು ನೆಲವನ್ನೇ ನೋಡಿದರು. ಆಮೇಲೆ ಎಡಗೈಯಲ್ಲಿ ನನ್ನ ಮಣಿಕಟ್ಟು ಹಿಡಿದುಕೊಂಡು ಗಳಗಳ ಅತ್ತುಬಿಟ್ಟರು. ಮದುವೆಯಾದಾಗಿನಿಂದ ಇವರ ಕಣ್ಣಲ್ಲಿ ನೀರು ಕಂಡವಳಲ್ಲ ನಾನು. ಸಂತೋಷಕ್ಕೆ ಇಷ್ಟೊಂದು ಅಳುತ್ತಾರೆ ಅಂತ ಗೊತ್ತಿರಲಿಲ್ಲ.

ಮಾತೂ ಬಂತು. ಒಂದೇ ಮಾತು. "ಆಮೇಲೆ." ನೀರು ಬೇಕಾ ಅಂದರೆ ಆಮೇಲೆ, ನೋವಾ ಅಂದರೆ ಆಮೇಲೆ. "ನನ್ನನ್ನ ಇದರಲ್ಲಿ ಯಾವಾಗ ಕೂರಿಸ್ತೀರಿ" ಅಂತ ಕಾರು ತೋರಿಸಿ ನಾನು ಕೇಳಿದಾಗೆಲ್ಲ ಹೇಳುತ್ತಿದ್ದರಲ್ಲ, ಆ ಒಂದನ್ನು ಮಾತ್ರ ಬಿಟ್ಟು ದೇವರು ಬಾಕಿಯದೆಲ್ಲ ಎತ್ತಿಕೊಂಡ.

ಬೇಗ ಬರೆ.

ನಿನ್ನ ಅತ್ತಿಗೆ

*

ಹಡಗಿನಿಂದ
ಫೆಬ್ರವರಿ 2

ಅತ್ತಿಗೆಗೆ ನಮಸ್ಕಾರ.

ನಿಮ್ಮ ಕಾಗದ ಈ ಬಂದರಿನಲ್ಲಿ ಕಾಯುತ್ತಿತ್ತು. ಎರಡು ಸಲ ಓದಿದೆ.

ಶೆಡ್ಡು ತೊಳೆದದ್ದು ಒಳ್ಳೆಯದೇ ಆಯಿತು. ಹೇಗೂ ಜೋಡಿಸುವ ಮೊದಲು ಎಲ್ಲವನ್ನೂ ತೊಳೆಯಲೇಬೇಕಿತ್ತು. ಅಣ್ಣನ ಅರ್ಧ ಕೆಲಸ ನೀವೇ ಮುಗಿಸಿದ ಹಾಗೆ. ಬಾಟಲಿಗಳಲ್ಲಿ ಇಟ್ಟರೆ ತುಕ್ಕೂ ಹಿಡಿಯುವುದಿಲ್ಲ. ಅವನು ಸಂತೋಷಕ್ಕೇ ಅತ್ತಿರುತ್ತಾನೆ, ಅದರಲ್ಲಿ ಅನುಮಾನವೇ ಬೇಡ.

ಇನ್ನೊಂದು ವಿಷಯ. ಹೋದ ಬಂದರಿನಿಂದ ನಿಮಗೊಂದು ಕಾಗದ ಹಾಕಿದ್ದೆ. ತಂತಿ ಬಂದ ಗಾಬರಿಯಲ್ಲಿ ಒಂದಿಷ್ಟು ಕುಡಿದು ಏನೇನೋ ಗೀಚಿದ್ದೆ, ತಲೆಬುಡ ಇಲ್ಲ. ಇನ್ನೂ ಬಂದಿರದಿದ್ದರೆ, ಬಂದಾಗ ಒಡೆಯದೆ ಒಲೆಗೆ ಹಾಕಿಬಿಡಿ. ನನ್ನ ಮರ್ಯಾದೆ ಉಳಿಸಿ.

ರಜೆ ಕೇಳಿದ್ದೇನೆ. ನನ್ನ ಸರದಿ ಇನ್ನೂ ದೂರ ಅನ್ನುತ್ತಾರೆ.

ಮೈದುನ

*

ಮನೆಯಿಂದ
ಫೆಬ್ರವರಿ 21

ಮಹಾರಾಯರೇ,

ಆ ನಾಲ್ಕನೇ ತಾರೀಖಿನ ಕಾಗದ ಬರಲೇ ಇಲ್ಲ. ಬಂದರೆ ಒಲೆಗೆ ಹಾಕುತ್ತೇನೆ, ನಿನ್ನ ಮರ್ಯಾದೆಗೆ ಧಕ್ಕೆ ಇಲ್ಲ. ಅಂದಹಾಗೆ ಕುಡಿಯೋದು ಯಾವಾಗ ಕಲಿತೆ? ಕೆಮ್ಮಿನ ಔಷಧಿಗೇ ತಲೆ ತಿರುಗುತ್ತೆ ಅಂತ ಗೋಡೆ ಹಿಡಿದುಕೊಂಡು ನಡೆಯುತ್ತಿದ್ದವನು ನೀನು.

ಇವರಿಗೆ ವ್ಯಾಯಾಮ ಮಾಡಿಸಲು ಒಬ್ಬಳು ಬರುತ್ತಾಳೆ, ಚುರುಕಿನವಳು. ಇವರು ತಟ್ಟೆಯಲ್ಲಿ ಅರ್ಧ ತಿಂದು ಅರ್ಧ ಬಿಡುತ್ತಿದ್ದರು. ಹಸಿವಿಲ್ಲ ಅಂದುಕೊಂಡು ನಾನೂ ಎತ್ತಿಬಿಡುತ್ತಿದ್ದೆ. ಅವಳು ಬಂದವಳೇ ತಟ್ಟೆಯನ್ನು ತಿರುಗಿಸಿ ಇಟ್ಟಳು, ಉಳಿದದ್ದನ್ನೂ ತಿಂದರು. "ಕಣ್ಣು ಸರಿಯಾಗೇ ಇದೆ ಅಮ್ಮ. ಬಲಗಡೆ ಅಂತ ಒಂದು ಇದೆ ಅನ್ನೋದೇ ಅವರಿಗೆ ಗೊತ್ತಾಗ್ತಿಲ್ಲ" ಅಂದಳು. ಇಷ್ಟು ದಿನ ಗಂಡನನ್ನು ಅರೆಹೊಟ್ಟೆಯಲ್ಲಿ ಮಲಗಿಸಿದ್ದೆ ಅನ್ನೋ ಸಂಕಟ ಯಾರಿಗೆ ಹೇಳಲಿ. ಈಗ ನಾನು ಬಲಗಡೆ ನಿಂತು ಕರೆದರೆ ಎಡಗಡೆ ಹುಡುಕುತ್ತಾರೆ. ಹೋಗಿ ಎಡಕ್ಕೆ ನಿಲ್ಲುತ್ತೇನೆ.

"ಅವರಾಗೇ ಕೈ ಚಾಚೋ ಅಂಥದ್ದು ಏನಾದರೂ ಮುಂದೆ ಇಡಿ. ಇಲ್ಲದಿದ್ದರೆ ಹೀಗೇ ಉಳಿದುಬಿಡ್ತಾರೆ" ಅಂತಲೂ ಹೇಳಿದ್ದಾಳೆ.

ಸುಮ್ಮನೆ ಕೇಳುತ್ತೇನೆ, ಶೆಡ್ಡಿನ ನೆಲದ ಮೇಲೆ ಯಾವುದು ಎಲ್ಲಿತ್ತು ಅಂತ ನಿನಗೆ ನೆನಪಿದೆಯಾ? ಮೊದಲಿನ ಹಾಗೇ ಹರಡಿದರೆ ಇವರಿಗೆ ತಮ್ಮ ಜಾಗ ಅನಿಸಬಹುದು ಅಂತ, ಅಷ್ಟೇ. ಈಗ ಶೆಡ್ಡಿನ ಬಾಗಿಲಿಗೆ ಬಂದರೆ ಮುಖ ತಿರುಗಿಸುತ್ತಾರೆ. ಬಿಸಿಲು ಕಣ್ಣಿಗೆ ಹೊಡೆಯುತ್ತದೋ ಏನೋ.

ಅತ್ತಿಗೆ

*

ಹಡಗಿನಿಂದ
ಮಾರ್ಚ್ 19

ಅತ್ತಿಗೆ,

ಹಾಳೆಯ ಹಿಂದೆ ಚಿತ್ರ ಬರೆದಿದ್ದೇನೆ. ಮೂರು ಸಲ ಬರೆದು ಹರಿದೆ, ಇದು ನಾಲ್ಕನೆಯದು. ಹೋದ ರಜೆಯಲ್ಲಿ ಬಂದಿದ್ದಾಗ ಕಂಡದ್ದು ಇಷ್ಟು. ಮುಂಭಾಗ ಖಚಿತ, ಎರಡೂ ಕಾರ್ಬುರೇಟರು ನಾನೇ ಬಿಚ್ಚಿದ್ದು. ಬಾಗಿಲುಗಳ ಕಡೆಗೆ ಬಂದರೆ ಕೈ ನಿಲ್ಲುತ್ತದೆ. ಬಿಲ್ಲೆಗಳ ಜಾಗದಲ್ಲಿ ಬರೀ ಚುಕ್ಕೆ ಹಾಕಿದ್ದೇನೆ.

ನೆನಪಿದೆಯಾ ಅತ್ತಿಗೆ, ಆ ದಂತವೈದ್ಯರ ಹಿತ್ತಲಿಂದ ಅದನ್ನು ಎಳೆದು ತಂದ ದಿನ? ಸೀಟಿನ ಮೇಲೆ ಕೋಳಿ ಮೊಟ್ಟೆ ಇಟ್ಟಿತ್ತು. ಮೇಲೆ ಸೂರಿಲ್ಲದ ಕಾರು, ಎರಡೇ ಸೀಟು, ಮೂತಿ ನೋಡಿದರೆ ಮೈಲುದ್ದ. "ಇಂಥ ದೊರೆಸಾನಿಗೆ ನಮ್ಮನೇಲಿ ಯಾರು ಊಳಿಗ ಮಾಡ್ತಾರೆ" ಅಂತ ಕೇಳಿದವರು ನೀವೇ. ಹೆಸರು ನಿಂತುಬಿಟ್ಟಿತು. ಕಾರ್ಖಾನೆಯ ಲೇತ್ ಯಂತ್ರದ ಮುಂದೆ ದಿನವಿಡೀ ನಿಂತು ಬಂದ ಅಣ್ಣ ಸಂಜೆ ಅದರ ಮುಂದೆ ಕುಕ್ಕರುಗಾಲಿನಲ್ಲಿ ಕೂರುತ್ತಿದ್ದ. ನಾನು ಸ್ಪ್ಯಾನರು ಕೊಡುವವನು. ತಪ್ಪು ಅಳತೆಯದು ಕೊಟ್ಟರೆ ಕೈ ಹಾಗೇ ಚಾಚಿ ಹಿಡಿದಿರುತ್ತಿದ್ದ.

ಈಗಲೂ ಆ ಕೈಯೇ ಕಣ್ಣ ಮುಂದೆ ಬರುತ್ತದೆ. ಯಾವ ಸ್ಪ್ಯಾನರು ಕೊಡಬೇಕೋ ನನಗೆ ಗೊತ್ತಾಗುತ್ತಿಲ್ಲ.

ಮೈದುನ

*

ಮನೆಯಿಂದ
ಏಪ್ರಿಲ್ 14

ಮರಿ,

ನಿನ್ನ ಚಿತ್ರದ ಪ್ರಕಾರ ನಾನೂ ಕಾಜಾದವಳೂ ಸೇರಿ ಎಲ್ಲ ಹರಡಿದೆವು. ಇವರನ್ನು ಕರೆತಂದೆ. ನೋಡಿದರು. ಕುರ್ಚಿಯಲ್ಲಿ ಜೊತೆಗಿಟ್ಟುಕೊಳ್ಳುವ ಕೋಲು ಚಾಚಿ ನನ್ನ ಕಾಲ ಹತ್ತಿರ ಇದ್ದದ್ದನ್ನೆಲ್ಲ ಕಸ ಗುಡಿಸಿದ ಹಾಗೆ ಪಕ್ಕಕ್ಕೆ ತಳ್ಳಿಬಿಟ್ಟರು. ನಾನು ಅಲ್ಲೇ ನೆಲದ ಮೇಲೆ ಕೂತೆ.

ಆದರೆ ಕೇಳು. ಸ್ವಲ್ಪ ಹೊತ್ತು ಬಿಟ್ಟು ಒಂದು ಕೀಲನ್ನು ತೋರಿಸಿದರು. ಎತ್ತಿ ಕೊಟ್ಟೆ. ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಿನಲ್ಲಿ ಸವರಿದರು. ಕೋಲಿನಿಂದ ನೆಲದ ಮೇಲೆ ಒಂದು ಜಾಗ ಮುಟ್ಟಿದರು. ಅಲ್ಲಿಟ್ಟೆ. ಒಂದು ಬೆರಳು ಆಚೆ ಸರಿಸಲು ಸನ್ನೆ ಮಾಡಿದರು, ಸರಿಸಿದೆ. "ಆಮೇಲೆ" ಅಂದರು. ಈಗ ದಿನವೂ ಹೀಗೇ. ಒಂದು ದಿನಕ್ಕೆ ಒಂದು ಸಾಮಾನು, ಪುಣ್ಯವಿದ್ದರೆ ಎರಡು. ಬಾಟಲಿಯನ್ನು ಬಟ್ಟೆಯ ಮೇಲೆ ಸುರಿದರೆ ಬಿಲ್ಲೆಗಳನ್ನು ಕಣ್ಣು ಮುಚ್ಚಿ ಉಗುರಿನಲ್ಲಿ ಮುಟ್ಟಿ ಆರಿಸುತ್ತಾರೆ. ಬೆಳಗ್ಗೆ ನಾನು ತಡ ಮಾಡಿದರೆ ಕುರ್ಚಿಯ ಕೈಯನ್ನು ತಟ್ಟುತ್ತಾರೆ.

ದೊರೆಸಾನಿಯ ಕೆಲಸ ಶುರುವಾಯಿತು ಅಂತ ತಿಳಿದುಕೋ.

ಅತ್ತಿಗೆ

*

ಹಡಗಿನಿಂದ
ಮೇ 11

ಅತ್ತಿಗೆ, ಅತ್ತಿಗೆ,

ನಿಮ್ಮ ಕಾಗದವನ್ನು ಎಂಜಿನ್ ಕೋಣೆಯಲ್ಲಿ ಗಟ್ಟಿಯಾಗಿ ಓದಿದೆ. ಯಾರಿಗೂ ಏನೂ ಕೇಳಿಸಲಿಲ್ಲ, ಆದರೂ ಎಲ್ಲರೂ ಬೆನ್ನು ತಟ್ಟಿದರು. ಅಣ್ಣ ಗಾಡಿ ಕಟ್ಟುತ್ತಿದ್ದಾನೆ! ನಾನು ಸುಮ್ಮನೆ ಹೆದರಿದ್ದೆ. ಅವನ ತಲೆಯಲ್ಲಿ ನೆಲವೆಲ್ಲ ಹಾಗೇ ಇದೆ. ಇಲ್ಲೊಂದು ಹಳೆ ಸಾಮಾನಿನ ಸಂತೆಯಲ್ಲಿ ಹೆಡ್‌ಲೈಟಿನ ಗಾಜು ಒಂದು ಜೊತೆ ಸಿಕ್ಕಿತು, ಅದೇ ಕಾಲದ್ದು, ನಡುವೆ ಗೆರೆ ಇರುವಂಥದ್ದು. ನಮ್ಮ ಅಡುಗೆಯವನು ರಜೆಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತೇನೆ. ಚಾಸಿಯನ್ನು ಯಾವಾಗ ಇಳಿಸುತ್ತೀರಿ? ನಾಲ್ಕು ಆಳು ಬೇಕು, ನೀವು ಕೈ ಹಾಕಬೇಡಿ.

ನನಗೆ ಈ ಸಲವೂ ರಜೆ ಸಿಗಲಿಲ್ಲ. ಏನು ಮಾಡಲಿ. ನಾನು ಬಂದ ದಿನ ನಿಮ್ಮಿಬ್ಬರನ್ನೂ ಅದರಲ್ಲಿ ಕೂರಿಸಿ, ನಾನು ಹಿಂದೆ ಜೋತುಬಿದ್ದುಕೊಂಡು ಬರುತ್ತೇನೆ.

ಮೈದುನ

*

ಮನೆಯಿಂದ
ಜೂನ್ 3

ಮರಿ,

ನಿಮ್ಮ ಅಡುಗೆಯವನು ಬಂದಿದ್ದ. ಒಳ್ಳೆಯವನು, ಬಹಳ ಮಾತಾಡಿದ. ಗಾಜು ಎರಡೂ ಒಡೆಯದೆ ಬಂದಿವೆ. ಎಡಗಡೆಯದ್ದನ್ನು ಇಟ್ಟೆವು.

ಅತ್ತಿಗೆ

*

ಹಡಗಿನಿಂದ
ಜೂನ್ 27

ಅತ್ತಿಗೆಗೆ ನಮಸ್ಕಾರ.

ನಿಮ್ಮ ಕಾಗದ ಇಷ್ಟು ಚಿಕ್ಕದಾಗಿ ಯಾವತ್ತೂ ಬಂದಿರಲಿಲ್ಲ. ಅಡುಗೆಯವನು ಏನು ಮಾತಾಡಿದ? ಅವನ ಬಾಯಿಗೆ ಬೀಗವಿಲ್ಲ, ಎಲ್ಲವನ್ನೂ ನಂಬಬೇಡಿ.

ಬಲಗಡೆಯ ಗಾಜು ಯಾಕೆ ಇಡಲಿಲ್ಲ? ಕೂರಲಿಲ್ಲವೇ?

ಮೈದುನ

*

ಮನೆಯಿಂದ
ಜುಲೈ 20

ಮರಿ,

ಅಡುಗೆಯವನು ಕೆಟ್ಟದ್ದೇನೂ ಹೇಳಲಿಲ್ಲ. ನಿನ್ನನ್ನು ಹೊಗಳಿದ. ಈ ಸಲದ ರಜೆ ನಿನ್ನದಾಗಿತ್ತಂತೆ, ನೀನೇ ಅವನಿಗೆ ಬಿಟ್ಟುಕೊಟ್ಟೆಯಂತೆ. "ಅಂಥ ಮನುಷ್ಯ ಸಿಗಲ್ಲಮ್ಮ" ಅಂತ ಕಣ್ಣಲ್ಲಿ ನೀರು ತಂದುಕೊಂಡ. ಹೌದಪ್ಪ ಅಂದೆ. ನನಗೆ ಸಿಟ್ಟು ಬರಲಿಲ್ಲ. ನಿನ್ನಣ್ಣನನ್ನು ಈ ಸ್ಥಿತಿಯಲ್ಲಿ ನೋಡಲು ನಿನಗೆ ಭಯ. ಪ್ರತಿ ಬೆಳಗ್ಗೆ ನನಗೂ ಭಯವೇ. ನನಗೂ ಒಂದು ಹಡಗು ಇದ್ದಿದ್ದರೆ ಹತ್ತುತ್ತಿದ್ದೆನೋ ಏನೋ, ಹೇಗೆ ಹೇಳಲಿ.

ನಾನೂ ನಿನಗೆ ಒಂದು ಸುಳ್ಳು ಹೇಳಿದ್ದೇನೆ. ನೀನು ಒಲೆಗೆ ಹಾಕು ಅಂದ ಕಾಗದ ಬಂದಿತ್ತು. ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿದೆ. ಓದಿದ ದಿನ ಹೋಗಿ ಬಾಟಲಿಗಳ ಮುಂದೆ ನಿಂತೆ. ಎಷ್ಟು ಚೆನ್ನಾಗಿ ಜೋಡಿಸಿದ್ದೆ ಮರಿ, ಮೇಲಿಂದ ಬೆಳಕು ಬಿದ್ದು ಹೊಳೆಯುತ್ತಿದ್ದವು. ಒಂದನ್ನೂ ಮೊದಲಿದ್ದ ಜಾಗಕ್ಕೆ ಇಡಲು ನನಗೆ ಗೊತ್ತಿರಲಿಲ್ಲ. ಅವರು ಯಾಕೆ ಅತ್ತರು ಅಂತ ಆಗ ತಿಳಿಯಿತು. ನೀನು ನನಗೆ ನೋವಾಗಬಾರದು ಅಂತ ಕುಡುಕನಾದೆ. ನಿನಗೆ ನೋವಾಗಬಾರದು ಅಂತ ನಾನೂ ಕಾಗದ ಬಂದಿಲ್ಲ ಅಂದೆ.

ಈಗ ಗಾಡಿಯ ವಿಷಯ. ನೀನು ತಿಳಿದ ಹಾಗೆ ಇಲ್ಲಿ ಗಾಡಿ ಕಟ್ಟುತ್ತಿಲ್ಲ. ಚಾಸಿ ಗೋಡೆಗೇ ಒರಗಿದೆ. ಇವರು ಕಟ್ಟಿದ್ದು ನೆಲ. ಬಿಚ್ಚಿದ್ದನ್ನು ಮತ್ತೆ ಬಿಚ್ಚಿಟ್ಟ ಹಾಗೆ ಇಟ್ಟಿದ್ದಾರೆ, ಅಷ್ಟೇ. ಅದೂ ಅರ್ಧ. ಎಡಗಡೆಯ ದೀಪ, ಎಡಗಡೆಯ ಕಡ್ಡಿ ಚಕ್ರಗಳು, ಎಡ ಬಾಗಿಲು, ಅದರ ಮರದ ಚೌಕಟ್ಟು, ಕೀಲು, ಕೀಲಿನ ಹಿಂದೆ ಬಿಲ್ಲೆಗಳು, ಎಡಗಡೆಯ ಸೀಟು. ಅಲ್ಲಿಗೆ ನಿಂತುಹೋಯಿತು. ಬಲಗಡೆಯದು ಯಾವುದನ್ನು ಕೈಗೆ ಕೊಟ್ಟರೂ ತಿರುಗಿಸಿ ನೋಡಿ ವಾಪಸು ಕೊಡುತ್ತಾರೆ, ಬೇರೆ ಯಾರದೋ ಮನೆಯ ಸಾಮಾನು ಅನ್ನುವ ಹಾಗೆ. ಅವರ ಪಾಲಿಗೆ ಗಾಡಿ ಮುಗಿಯಿತು.

ಮುಗಿದ ದಿನ ನನ್ನನ್ನು ನೋಡಿದರು. ಕೋಲಿನಿಂದ ಆ ಎಡಗಡೆಯ ಸೀಟನ್ನು ತಟ್ಟಿದರು. ನನಗೆ ಅರ್ಥವಾಗಲಿಲ್ಲ. ಮತ್ತೆ ತಟ್ಟಿದರು. "ಕೂತ್ಕೋಬೇಕಾ?" ಅಂದೆ. "ಆಮೇಲೆ" ಅಂದರು, ಆದರೆ ಈ ಸಲ ಅದರ ಅರ್ಥ ಈಗಲೇ ಅಂತ ಇತ್ತು. ಹೋಗಿ ಕೂತೆ. ಇಷ್ಟು ವರ್ಷ ಕೇಳಿ ಕೇಳಿ ಬಿಟ್ಟುಬಿಟ್ಟಿದ್ದ ಸೀಟು, ನೆಲದ ಮಟ್ಟದಲ್ಲಿದೆ, ಒಳಗಿನ ಸ್ಪ್ರಿಂಗು ಚುಚ್ಚುತ್ತದೆ. ಇವರ ಮುಖ ನೋಡಬೇಕಿತ್ತು ನೀನು. ನಾನು ಬಲಗಡೆ ತಿರುಗಿ ನೋಡಿದೆ. ಸ್ಟಿಯರಿಂಗು ಇರಬೇಕಾದ ಜಾಗ, ಇವರು ಕೂರಬೇಕಾದ ಜಾಗ, ಬರೀ ಕೆಂಪು ಸಿಮೆಂಟು. ನಾನೇ ತೊಳೆದದ್ದು. ನನಗೆ ಜಾಗ ಮಾಡಿಕೊಟ್ಟು ತಮಗೆ ಜಾಗವೇ ಇಲ್ಲದ ಗಾಡಿ ಮಾಡಿದ್ದರು. ಅವರಿಗೆ ಕಾಣಬಾರದು ಅಂತ ಅವರ ಬಲಗಡೆಗೆ ಹೋಗಿ ನಿಂತು ಅತ್ತೆ.

ಆಮೇಲೆ ನನಗೆ ಗೊತ್ತಿರುವ ಕೆಲಸ ಮಾಡಿದೆ. ಬಟ್ಟೆ ಮಡಚಿ ಕತ್ತರಿಸಿದರೆ ಎಡದ್ದೇ ಬಲಕ್ಕೂ ಬರುತ್ತದೆ. ನಡುವೆ ಸೀಮೆಸುಣ್ಣದ ಗೆರೆ ಎಳೆದು, ಅವರು ಇಟ್ಟದ್ದರ ಜೋಡಿಯನ್ನು ಈ ಕಡೆ ಟೇಪು ಹಿಡಿದು ಇಡುತ್ತಾ ಬಂದೆ. ಬಾಗಿಲಿಗೆ ಬಾಗಿಲು, ಚಕ್ರಕ್ಕೆ ಚಕ್ರ. ನೀನು ಕಳಿಸಿದ ಇನ್ನೊಂದು ಗಾಜನ್ನೂ ಇಟ್ಟೆ. ಬಿಲ್ಲೆಗಳನ್ನು ಅಂದಾಜಿನ ಮೇಲೆ ಹಂಚಿದೆ. ತಪ್ಪೇ ಇರಬೇಕು. ಒಂದರದ್ದು ಇನ್ನೊಂದಕ್ಕೆ ಕೂರಲ್ಲ ಅಂತ ನೀನೇ ಬರೆದಿದ್ದೀಯ. ಕೊನೆಗೆ ನನ್ನ ಕೈಯಲ್ಲಿ ಉಳಿದದ್ದು ಸ್ಟಿಯರಿಂಗು. ಅದಕ್ಕೆ ಎಡಗಡೆ ಜೋಡಿ ಇಲ್ಲವಲ್ಲ, ಎಲ್ಲಿಗೆ ಅಳತೆ ಮಾಡಲಿ? ಬಲಗಡೆಯ ಸೀಟಿನ ಮುಂದೆ ಒಂದು ಸ್ಟೂಲು ಇಟ್ಟು ಅದಕ್ಕೆ ಒರಗಿಸಿದೆ.

ನಿನ್ನೆ ಕಾಜಾದವಳೂ ನಾನೂ ಹಿಡಿದುಕೊಂಡು ಇವರನ್ನು ಆ ಬಲಗಡೆಯ ಸೀಟಿಗೆ ಇಳಿಸಿದೆವು. ಬೆನ್ನಿಗೆ ದಿಂಬು ಕೊಟ್ಟೆವು. ನಾನು ನನ್ನ ಸೀಟಿನಲ್ಲಿ ಕೂತೆ. ಎಡಗಡೆ ತಿರುಗಿದರು, ನಾನಿದ್ದೆ. ನಕ್ಕರು. ಎಡಗೈಯಲ್ಲಿ ಸ್ಟಿಯರಿಂಗು ಹಿಡಿದು ತಿರುಗಿಸಿದರು. ಎಡಕ್ಕೆ. ಮತ್ತೂ ಎಡಕ್ಕೆ. "ಬಲಕ್ಕೆ ತಿರುಗಿಸಿ, ಮನೆ ಆ ಕಡೆ ಇದೆ" ಅಂದೆ. "ಆಮೇಲೆ" ಅಂದರು. ಯಾವುದಕ್ಕೂ ಸೇರದ ಸ್ಟಿಯರಿಂಗು, ಸ್ಟೂಲಿಗೆ ಉಜ್ಜುತ್ತಾ ಎಡಕ್ಕೇ ಸುತ್ತುತ್ತಿತ್ತು. ನಾನು ಎದುರಿನ ಗೋಡೆ ನೋಡುತ್ತಾ ಕೂತಿದ್ದೆ. ಎದ್ದು ಬರಲು ಮನಸ್ಸಾಗಲಿಲ್ಲ.

ನೀನು ಬಂದರೂ ಗಾಡಿ ಓಡುವುದಿಲ್ಲ. ಅಣ್ಣ ಏಳುವುದೂ ಇಲ್ಲ, ವ್ಯಾಯಾಮದವಳು ನನಗೆ ಹೇಳಿಯಾಗಿದೆ. ಆದರೂ ಬರುವುದಾದರೆ ಶೆಡ್ಡಿನ ಬಾಗಿಲಲ್ಲಿ ನೋಡಿಕೊಂಡು ಕಾಲಿಡು, ಅಲ್ಲಿ ಹಿಂದಿನ ಬಂಪರಿದೆ. ಒಂದನ್ನೂ ಸರಿಪಡಿಸಬೇಡ. ಅವರ ಎಡಗಡೆಗೆ ಬಾ. ಅಲ್ಲಿ ಒಂದೇ ಸೀಟು, ನಾನು ಎದ್ದು ನಿನಗೆ ಬಿಡುತ್ತೇನೆ.

ನಿನ್ನ ಅತ್ತಿಗೆ